ಬಾಳೆಯ ನಾರು ಗಾಜಿನ ನಾರಿನೊಡನೆ ಕೂಡಿದರೆ

ಹೂವಿನೊಡನೆ ನಾರೂ ಸ್ವರ್ಗ ಸೇರಿತೆಂಬ ಗಾದೆಯನ್ನು ನಮ್ಮ ನಿಲಕ್ಕೋಟ್ಟೈಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿನ ಪೇಟೆಯ ಮಲ್ಲಿಗೆಯನ್ನು ಬಾಳೆಯ ನಾರಿನಲ್ಲಿ ಕಟ್ಟುವುದು ಹಳೆಯ ರೂಢಿ. ಆದರೆ ಮಾಲೆಗೆ ಬೇಕಾಗುವ ನಾರು ಎಷ್ಟು ಮಾತ್ರ? ಗೊನೆ ಕಡಿದ ಮೇಲೆ ಬಾಳೆಕಂಬದ ಬಹುಪಾಲು ತೋಟದಲ್ಲಿಯೇ ಕೊಳೆಯುತ್ತದೆ. ಇಲ್ಲವೆ ಕೂಲಿ ಕೊಟ್ಟು ಹೊರಹಾಕಿಸಬೇಕಾಗುತ್ತದೆ. ಈ ನಾರನ್ನು ಗಾಜಿನ ನಾರಿನೊಡನೆ ಸೇರಿಸಿ ಹಲಗೆ ಮಾಡಬಹುದೆಂಬ ಸುದ್ದಿ ಕೇಳಿದ ರೈತರು, “ಅದು ಗಟ್ಟಿಯೇ, ಮೇಷ್ಟ್ರೇ?” ಎಂದು ವಿಚಾರಿಸುತ್ತಾರೆ. ಯಾವ ನಾರು ಎಲ್ಲಿದೆ, ಎಷ್ಟು ಒಣಗಿದೆ ಎಂಬುದರ ಮೇಲೆ ಅದರ ಗಟ್ಟಿತನ ನಿಂತಿದೆ.

ನಾರು ಮತ್ತು ಅಂಟು

ಗೋಡೆ ಕಟ್ಟುವಾಗ ಮಣ್ಣಿಗೆ ಹುಲ್ಲು ಬೆರೆಸುತ್ತೇವಷ್ಟೆ. ಮಣ್ಣು ಎಲ್ಲವನ್ನೂ ಒಂದಾಗಿ ಹಿಡಿಯುತ್ತದೆ. ಹುಲ್ಲು ಬಿರುಕು ಹರಡದಂತೆ ತಡೆಯುತ್ತದೆ. ನಾರಿನ ಹಲಗೆಯ ಧರ್ಮವೂ ಇದೇ. ಮಣ್ಣಿನ ಸ್ಥಾನದಲ್ಲಿ ಪಾಲಿಯೆಸ್ಟರ್ ಅಥವಾ ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟು, ಹುಲ್ಲಿನ ಸ್ಥಾನದಲ್ಲಿ ನಾರು.

ಒಂದು ಚದರ ಮಿಲಿಮೀಟರ್ ಗಾತ್ರದ ಗಾಜಿನ ನಾರು, ಲೆಕ್ಕದ ಪ್ರಕಾರ, 200 ಕಿಲೋಗೂ ಮಿಕ್ಕ ಭಾರದ ಎಳೆತವನ್ನು ತಡೆಯಬಲ್ಲುದು. ಅಷ್ಟೇ ಗಾತ್ರದ ಒಳ್ಳೆಯ ಬಾಳೆನಾರು ಅಥವಾ ಕತ್ತಾಳೆನಾರು ಸುಮಾರು 50ರಿಂದ 70 ಕಿಲೋ, ತೆಂಗಿನ ನಾರು 20 ಕಿಲೋ ಆಸುಪಾಸು. ಆದರೆ ಗಾಜು ನೀರಿಗಿಂತ ಎರಡೂವರೆ ಪಟ್ಟು ಭಾರ. ಕತ್ತಾಳೆನಾರು ಒಂದೂವರೆ ಪಟ್ಟು ಮಾತ್ರ. ಬಲ ಗಾಜಿನದು, ಹಗುರವೂ ಅಗ್ಗವೂ ನಮ್ಮ ನಾರಿನದು. ಎರಡನ್ನೂ ಕೂಡಿಸುವ ಯೋಚನೆ ಹುಟ್ಟಿದ್ದು ಹೀಗೆ.

ಗಾಜು ಹೊರಗೆ, ಬಾಳೆ ಒಳಗೆ

ಒಂದು ಹಸಿ ಕಡ್ಡಿಯನ್ನು ಬಗ್ಗಿಸಿ ನೋಡಿರಿ. ಹೊರಮೈ ಎಳೆದು ಸೀಳುತ್ತದೆ, ಒಳಮೈ ಒತ್ತಿ ಸುಕ್ಕಾಗುತ್ತದೆ. ನಡುವಿನ ತಿರುಳಿಗೆ ಹೆಚ್ಚು ಶ್ರಮವಿಲ್ಲ. ಹಲಗೆಯೂ ಹಾಗೆಯೇ. ಒಂದೇ ಪದಾರ್ಥದ ಹಲಗೆಯನ್ನು ಹತ್ತು ಸಮ ಪದರಗಳೆಂದು ಭಾವಿಸಿದರೆ, ತೀರ ಮೇಲಿನದು ಒಂದು, ತೀರ ಕೆಳಗಿನದು ಒಂದು, ಈ ಎರಡೇ ಪದರಗಳು ಬಾಗುವಿಕೆಯನ್ನು ತಡೆಯುವ ಕೆಲಸದ ಸುಮಾರು ಅರ್ಧವನ್ನು ಹೊರುತ್ತವೆ. ಆದುದರಿಂದ ಸ್ವಲ್ಪ ಗಾಜನ್ನು ಎರಡು ಹೊರಮೈಗಳಲ್ಲಿಟ್ಟು, ಬಾಳೆಯನ್ನಾಗಲಿ ಕತ್ತಾಳೆಯನ್ನಾಗಲಿ ನಡುವೆ ತುಂಬಿದರೆ ಕಡಮೆ ಗಾಜಿನಲ್ಲಿ ಹೆಚ್ಚು ಫಲ. ಅದೇ ಗಾಜನ್ನು ನಡುವೆ ಹೂತರೆ ಹಣ ದಂಡ. ಬಿದಿರನ್ನು ನೋಡಿರಿ: ಅದರ ನಾರು ಹೊರಸಿಪ್ಪೆಯ ಕಡೆ ದಟ್ಟ, ಒಳಗೆ ವಿರಳ.

ನೀರೇ ಶತ್ರು

ಹೂ ಕಟ್ಟುವವರು ನಾರನ್ನು ನೆನೆಸಿ ಮೆದುವಾಗಿಸುತ್ತಾರೆ. ಅಲ್ಲಿ ಗುಣವಾದುದು ಇಲ್ಲಿ ದೋಷ. ಸಸ್ಯದ ನಾರು ನೀರು ಕುಡಿದು ಉಬ್ಬುತ್ತದೆ. ಒಣಗುವಾಗ ಕುಗ್ಗಿ ಅಂಟಿನಿಂದ ಬಿಡುತ್ತದೆ. ಅಂಟು ಬಿಟ್ಟ ನಾರು ಎಷ್ಟು ಬಲವಾದುದಾದರೂ ಭಾರ ಹೊರಲಾರದು. ಹೊರಗಿನ ಗಾಜಿನ ಪದರವು ನೀರನ್ನು ಬಹುಮಟ್ಟಿಗೆ ತಡೆಯುತ್ತದೆ. ಆದರೆ ಗರಗಸದಿಂದ ಕೊಯ್ದ ಅಂಚಿನಲ್ಲಿ ಒಳನಾರು ಬಯಲಾಗುವುದರಿಂದ ಅಲ್ಲಿ ಮತ್ತೆ ಅಂಟು ಬಳಿಯತಕ್ಕದ್ದು. ನಾರಿಗೆ ಅಂಟು ಚೆನ್ನಾಗಿ ಹತ್ತಲೆಂದು ಕಾರ್ಖಾನೆಗಳಲ್ಲಿ ಅದನ್ನು ತೆಳು ಕಾಸ್ಟಿಕ್ ಸೋಡಾ ನೀರಿನಲ್ಲಿ ತೊಳೆಯುವುದುಂಟು. ಇದು ಚರ್ಮವನ್ನು ಸುಡುವ ವಸ್ತು, ಮನೆಯಲ್ಲಿ ಪ್ರಯೋಗಿಸಬಾರದು.

ರೈತನ ಪಾಲಿನ ಕೆಲಸ

ನಾನು ಮೊದಲ ಸಲ ನಾರು ತೆಗೆಸಿದಾಗ, ಮೇಲೆ ಒಣಗಿದ್ದನ್ನು ಕಂಡು ಕಟ್ಟು ಕಟ್ಟಿಬಿಟ್ಟೆ. ಒಳಗೆ ಹಸಿಯಿತ್ತು. ವಾರದಲ್ಲಿ ಬೂಷ್ಟು ಹಿಡಿದು ಕಟ್ಟುಗಳು ಹಿಂದಕ್ಕೆ ಬಂದವು. ಕೂಲಿಯ ಹಣವೂ ಕೈಬಿಟ್ಟಿತು. ತಪ್ಪು ನನ್ನದೇ.

ಗೊನೆ ಕಡಿದ ಬಳಿಕ ತಡಮಾಡದೆ ಪಟ್ಟೆ ಬಿಡಿಸಿ ನಾರು ತೆಗೆಯಿರಿ. ತಿರುಳು ಉಳಿಯದಂತೆ ತೊಳೆಯಿರಿ. ತೆಳುವಾಗಿ ಹರಡಿ ಪೂರ್ತಿ ಒಣಗಿಸಿ, ಉದ್ದವನ್ನು ನೋಡಿ ವಿಂಗಡಿಸಿರಿ. ಕಂಬದಲ್ಲಿ ನೀರೇ ಹೆಚ್ಚಾದುದರಿಂದ ಒಂದು ಕ್ವಿಂಟಾಲ್ ಹಸಿ ಕಂಬಕ್ಕೆ ಒಣನಾರು ಒಂದು ಕಿಲೋ ಆಸುಪಾಸು ಎಂದಿಟ್ಟುಕೊಂಡೇ ಕೂಲಿಯ ಲೆಕ್ಕ ಹಾಕಬೇಕು. ಕೊಳ್ಳುವವರು ಯಾರು, ಯಾವ ದರಕ್ಕೆ, ಎಷ್ಟು ತೇವವನ್ನು ಒಪ್ಪುವರು ಎಂಬುದು ಗೊತ್ತಾಗುವವರೆಗೆ ಯಂತ್ರಕ್ಕೆ ಸಾಲ ಮಾಡಬೇಡಿರಿ.

ಇಂಥ ಹಲಗೆ ಬಾಗಿಲು, ಅಡ್ಡಗೋಡೆ, ಪೆಟ್ಟಿಗೆಗಳಿಗೆ ತಕ್ಕುದು. ಮನೆಯ ತೊಲೆಗೆ ತಕ್ಕುದಲ್ಲ. ಇನ್ನೊಂದು ಮಾತು: ಬಾಳೆ ಮಣ್ಣಾಗುತ್ತದೆ, ಗಾಜು ಮಣ್ಣಾಗದು. ಕೊಯ್ದ ಚೂರುಗಳನ್ನು ಹೊಲಕ್ಕೆ ಎಸೆಯಬಾರದು, ಒಲೆಗೂ ಹಾಕಬಾರದು.