ಗೆರೆ ಮಲಗಬಾರದು

ತೂಕ ನೋಡುವ ದಿನ ಅಂಗನವಾಡಿಯ ಅಳು ಬೀದಿಯ ತುದಿಗೂ ಕೇಳಿಸುತ್ತದೆ. ಕೊಕ್ಕೆಗೆ ತೂಗುಹಾಕಿದ ದುಂಡು ತಕ್ಕಡಿ, ಅದರ ಕೆಳಗೆ ಚಡ್ಡಿಯ ಹಾಗೆ ಹೊಲಿದ ಬಟ್ಟೆಚೀಲ. ಕಾಲೆರಡೂ ಚೀಲಕ್ಕಿಳಿದು ಅಮ್ಮನ ಕೈ ಬಿಟ್ಟಿತೋ, ರಾಗ ಶುರು. ಟೀಚರ್ ಮಾತ್ರ ಅವಸರ ಮಾಡುವಂತಿಲ್ಲ. ಮೊದಲೇ ಖಾಲಿ ಚೀಲ ನೇತುಹಾಕಿ ಮುಳ್ಳನ್ನು ಸೊನ್ನೆಗೆ ತಂದಿರಬೇಕು. ಸ್ವೆಟರು, ಬೂಟು ಬಿಚ್ಚಿಸಬೇಕು. ಒದ್ದಾಟ ನಿಂತು ಮುಳ್ಳು ಅಲುಗಾಡದಿರುವ ತನಕ ಕಾಯಬೇಕು. ಈಗ ಎಷ್ಟೋ ಕಡೆ ಎಲೆಕ್ಟ್ರಾನಿಕ್ ತಕ್ಕಡಿ ಬಂದಿದೆ, ಆದರೂ ಆ ತಾಳ್ಮೆಗೆ ಬದಲಿ ಬಂದಿಲ್ಲ. ಏಕೆಂದರೆ ಮುಂದಿನ ಕೆಲಸವೆಲ್ಲ ನೂರು ಗ್ರಾಮಿನ ಲೆಕ್ಕದ್ದು.

ಆ ಅಂಕಿ ಹೋಗಿ ಕೂರುವುದು ತಾಯಿ ಕಾರ್ಡಿನ ಬೆಳವಣಿಗೆ ಪಟ್ಟಿಯಲ್ಲಿ. ಅಡ್ಡಕ್ಕೆ ತಿಂಗಳು, ಉದ್ದಕ್ಕೆ ಕಿಲೋ. ಹಸಿರು, ಹಳದಿ, ಕೆಂಪು ಪಟ್ಟೆಗಳು. ತಿಂಗಳಿಗೊಂದು ಚುಕ್ಕೆ, ಚುಕ್ಕೆಯಿಂದ ಚುಕ್ಕೆಗೆ ಗೆರೆ. ರಂಗೋಲಿ ಬಲ್ಲ ಯಾವ ಹೆಂಗಸೂ ಓದಬಹುದಾದ ಚಿತ್ರ ಅದು. ಇದರ ಮೂಲ ರೂಪ ಹುಟ್ಟಿದ್ದು ನೈಜೀರಿಯಾದ ಇಮೆಸಿ-ಇಲೆ ಎಂಬ ಹಳ್ಳಿಯಲ್ಲಿ. 1950ರ ದಶಕದಲ್ಲಿ ಅಲ್ಲಿ ದುಡಿಯುತ್ತಿದ್ದ ಮಕ್ಕಳ ವೈದ್ಯ ಡೇವಿಡ್ ಮಾರ್ಲಿ, ಕಾರ್ಡನ್ನು ಆಸ್ಪತ್ರೆಯ ಕಪಾಟಿನಲ್ಲಿಡದೆ ತಾಯಿಯ ಕೈಗೇ ಕೊಟ್ಟರು. ನಮ್ಮಲ್ಲಿ ಅಂಗನವಾಡಿ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು, ದೇಶದ 33 ಕಡೆ. ಕರ್ನಾಟಕದ ಪಾಲಿಗೆ ಬಂದ ಮೊದಲ ಯೋಜನೆ ತಿರುಮಕೂಡಲು ನರಸೀಪುರದ್ದು.

ಬಹಳ ಜನ ಬಣ್ಣ ನೋಡಿ ಸುಮ್ಮನಾಗುತ್ತಾರೆ. ಹಸಿರಿನಲ್ಲಿದ್ದರೆ ಮಗು ಚೆನ್ನಾಗಿದೆ ಎಂದುಕೊಂಡುಬಿಡುತ್ತಾರೆ. ನುರಿತ ಟೀಚರ್ ನೋಡುವುದು ಗೆರೆಯನ್ನು. ಒಂಬತ್ತು ತಿಂಗಳ ಹೆಣ್ಣುಮಗು 7.2 ಕಿಲೋ ಇದೆ ಎನ್ನಿ. ಹತ್ತನೇ ತಿಂಗಳಲ್ಲೂ 7.2, ಹನ್ನೊಂದರಲ್ಲಿ 7.3. ಮೂರೂ ಚುಕ್ಕೆ ಹಸಿರಿನೊಳಗೇ ಇವೆ, ಆದರೆ ಗೆರೆ ಮಲಗಿದೆ. ಕೆಂಪಿಗೆ ಇಳಿದ ಮೇಲೆ ಎಚ್ಚರಾದರೆ ದೊಡ್ಡಾಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಎರಡು ವಾರ ಇರಬೇಕಾದೀತು. ಮಲಗಿದಾಗಲೇ ಕಂಡರೆ ಅಡುಗೆಮನೆಯಲ್ಲೇ ಮದ್ದಿದೆ: ಗಂಜಿ ನೀರಾಗಿರದೆ ಚಮಚದಿಂದ ಜಾರದಷ್ಟು ಮಂದವಾಗಿರಲಿ, ಮೇಲೊಂದು ಚಮಚ ಎಣ್ಣೆ ಅಥವಾ ತುಪ್ಪ ಬೀಳಲಿ, ದಿನಕ್ಕೆ ಎರಡು ಸಲ ಉಣಿಸುತ್ತಿದ್ದುದು ನಾಲ್ಕಾಗಲಿ. ಭೇದಿಯಾಗಿದ್ದರೆ ಓಆರ್‌ಎಸ್ ಜೊತೆ ಹದಿನಾಲ್ಕು ದಿನ ಜಿಂಕ್ ಮಾತ್ರೆ.

ಹೇಳುವುದು ಸುಲಭ. ಬೆಂಗಳೂರಿನ ಸಾರಕ್ಕಿಯಂಥ ಕಡೆ ಅದನ್ನು ಮಾಡುವವರು ಯಾರು ಎಂಬುದೇ ಕಷ್ಟದ ಪ್ರಶ್ನೆ. ಕೆರೆಯ ಮಗ್ಗುಲಿನ ಈ ಹಳ್ಳಿಯನ್ನು ಜೆ.ಪಿ. ನಗರ ಸುತ್ತುವರಿದು ದಶಕಗಳಾದವು. ಮಾರುಕಟ್ಟೆಯ ಹಿಂದಿನ ಒಂದೇ ಕೋಣೆಯ ಬಾಡಿಗೆಮನೆಗಳಿಂದ ಹೆಂಗಸರು ಬೆಳಗಾಗುತ್ತಲೇ ಮೂರು ನಾಲ್ಕು ಮನೆಯ ಪಾತ್ರೆ-ಬಟ್ಟೆಗೆ ಹೊರಡುತ್ತಾರೆ. ರಾಯಚೂರು, ಕಲಬುರಗಿ, ಯಾದಗಿರಿಯಿಂದ ಬಂದವರು ಗಾರೆ ಕೆಲಸಕ್ಕೆ. ಕೂಸು ಅಕ್ಕನ ಸೊಂಟದ ಮೇಲೆ. ಆ ಅಕ್ಕನಿಗೆ ಹನ್ನೆರಡೋ ಹದಿಮೂರೋ.

ಆ ಅಕ್ಕನ ಬಗ್ಗೆ ನಾವು ಮಾತಾಡುವುದು ಕಡಿಮೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ರಾಜ್ಯದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ 35.4 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಎರಡಕ್ಕೂ ನಂಟಿದೆ. ‘ರಕ್ತ ಕಮ್ಮಿ’ ಇರುವ ಹುಡುಗಿ ಬಸುರಿಯಾದಾಗ, ಹುಟ್ಟುವ ಕೂಸು ಎರಡೂವರೆ ಕಿಲೋ ಮುಟ್ಟದಿರುವ ಭಯ ಹೆಚ್ಚು. ಅದರ ಮೊದಲ ಚುಕ್ಕೆಯೇ ಕೆಳಗೆ ಬೀಳುತ್ತದೆ. ಅದಕ್ಕೇ ಶಾಲೆಯಲ್ಲಿ ವಾರಕ್ಕೊಂದು ನೀಲಿ ಕಬ್ಬಿಣಾಂಶದ ಮಾತ್ರೆ, ವರ್ಷಕ್ಕೆರಡು ಸಲ ಜಂತುಹುಳದ ಮಾತ್ರೆ. ಶಾಲೆ ಬಿಟ್ಟ ಹುಡುಗಿಗೆ ಅಂಗನವಾಡಿಯಲ್ಲಿ. ಹೊಟ್ಟೆ ತೊಳಸುತ್ತದೆಂದು ಎಸೆಯುವವರಿದ್ದಾರೆ. ಊಟದ ನಂತರ ನುಂಗಿ, ಆಮೇಲೆ ಒಂದೆರಡು ಗಂಟೆ ಟೀ ಕುಡಿಯದಿರಿ, ಮಲ ಕಪ್ಪಾದರೆ ಹೆದರಬೇಡಿ ಎಂದು ಆಶಾ ಕಾರ್ಯಕರ್ತೆ ಹತ್ತು ಸಲ ಹೇಳಿದ ಮೇಲೆ ಹನ್ನೊಂದನೇ ಸಲ ಕೇಳುವವರೂ ಇದ್ದಾರೆ. ಹೀಗೆ ಹೇಳಿದ್ದನ್ನೇ ಹೇಳುವ ಕೆಲಸಕ್ಕೆ ನಾವು ಸಂಬಳ ಎನ್ನುವುದಿಲ್ಲ, ‘ಗೌರವಧನ’ ಎನ್ನುತ್ತೇವೆ. ಅಂಗನವಾಡಿಯವರಿಗೆ ಗ್ರಾಚ್ಯುಯಿಟಿ ಸಿಗಬೇಕೆಂದು ಹೇಳಲು 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ಬೇಕಾಯಿತು. ಇದು ನನಗೆ ನಾಚಿಕೆಯ ಸಂಗತಿ.

ಅವರ ದುಡಿಮೆಗೆ ಫಲ ಇಲ್ಲದಿಲ್ಲ. 2004–06ರಲ್ಲಿ ರಾಜ್ಯದಲ್ಲಿ ಲಕ್ಷ ಜೀವಂತ ಜನನಕ್ಕೆ 213 ತಾಯಂದಿರು ಸಾಯುತ್ತಿದ್ದರು. 2018–20ಕ್ಕೆ ಅದು 69ಕ್ಕೆ ಇಳಿಯಿತು. 2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ-ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ಉಂಟು. ಆದರೆ ಊಟದ ಹೊತ್ತಿಗೆ ಆಕೆ ಇನ್ನೊಬ್ಬರ ಮನೆಯ ಸಿಂಕಿನ ಮುಂದೆ ನಿಂತಿದ್ದರೆ?

ಕಟ್ಟಡ ಮುಗಿದರೆ ಗಾರೆಯವರ ಶೆಡ್ಡೂ ಎದ್ದುಹೋಗುತ್ತದೆ. ಗೆರೆ ಅಲ್ಲಿಗೆ ತುಂಡು. ಅದಕ್ಕೇ ಟೀಚರುಗಳು ಕಾರ್ಡನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಸಿ, ಬಟ್ಟೆಗಂಟಿನೊಳಗೆ ಇಡಿಸಿ, ಹೋದ ಕಡೆ ಮೊದಲು ಅಂಗನವಾಡಿ ಎಲ್ಲಿದೆ ಕೇಳಮ್ಮ ಎಂದು ಕಳಿಸುವುದು.

ಇದನ್ನು ಓದುತ್ತಿರುವ ನಿಮ್ಮಲ್ಲಿ ಹಲವರ ಮನೆಗೆ ನಾಳೆ ಬೆಳಿಗ್ಗೆ ಕೆಲಸದಾಕೆ ಬರುತ್ತಾಳೆ. ಅವಳ ಮಗುವಿನ ತೂಕದ ದಿನ ಯಾವುದೆಂದು ಕೇಳಿ. ಆ ಅರ್ಧ ದಿನ ಸಂಬಳ ಹಿಡಿಯದೆ ರಜೆ ಕೊಡಿ.