ತಿಳಿನೀರೆಲ್ಲ ಶುದ್ಧನೀರಲ್ಲ

ತೋಟದ ಮನೆಯಲ್ಲಿ ಹೋಂಸ್ಟೇ ನಡೆಸುವ ಬೆಳೆಗಾರ ಬಂಧುಗಳಲ್ಲಿ ಕೆಲವರು ಈಜುಕೊಳವನ್ನೂ ಕಟ್ಟಿಸಿದ್ದಾರೆ. ಕೊಳದಲ್ಲಿ ಪಾಚಿ ಕಂಡೊಡನೆ ನಮ್ಮ ಕೈ ಮೈಲುತುತ್ತದತ್ತ ಹೋಗುವುದು ಸಹಜ. ಆದರೆ ಅದು ಪಾಚಿಯನ್ನು ಕೊಂದೀತೇ ಹೊರತು, ರೋಗಾಣು ಕೊಲ್ಲುವ ಕ್ಲೋರಿನ್ನಿನ ಕೆಲಸ ಮಾಡದು. ತಿಳಿಯಾಗಿ ಕಾಣುವ ನೀರಿನಲ್ಲೂ ವಾಂತಿಭೇದಿಯ ರೋಗಾಣುಗಳಿರಬಹುದು. ಅತಿಥಿಗಳ ಮಕ್ಕಳು ಈಜುವಾಗ ಆ ನೀರನ್ನೇ ಕುಡಿಯುತ್ತಾರೆ.

ಆದುದರಿಂದ ನೀರನ್ನು ಪರೀಕ್ಷಿಸಿಯೇ ನಂಬೋಣ. ಪರೀಕ್ಷಾ ಕಿಟ್ಟಿನಲ್ಲಿ ಮುಕ್ತ ಕ್ಲೋರಿನ್ 1ರಿಂದ 3 ಪಿಪಿಎಂ, ಪಿಎಚ್ 7.2ರಿಂದ 7.8 ಇರಬೇಕು. 50,000 ಲೀಟರ್ ನೀರಿಗೆ 1 ಪಿಪಿಎಂ ಏರಿಸಲು ಶೇ. 33ರ ಬ್ಲೀಚಿಂಗ್ ಪುಡಿ ಸುಮಾರು 150 ಗ್ರಾಂ ಸಾಕು. ಹಳೆಯ ಪುಡಿಗೆ ಶಕ್ತಿ ಕಡಿಮೆ. ಪುಡಿಯನ್ನು ಬಕೆಟ್ ನೀರಿನಲ್ಲಿ ಕದಡಿ, ಗಸಿ ಇಳಿದ ಮೇಲೆ ತಿಳಿಯನ್ನಷ್ಟೇ ಕೊಳಕ್ಕೆ ಸುರಿದು ಪಂಪು ನಡೆಸಿರಿ. ಬಿಸಿಲಿಗೆ ಕ್ಲೋರಿನ್ ಬೇಗ ನಷ್ಟವಾಗುವುದರಿಂದ ಈ ಕೆಲಸಕ್ಕೆ ಸಂಜೆಯೇ ತಕ್ಕ ಹೊತ್ತು. ಬೆಳಿಗ್ಗೆ ಮತ್ತೆ ಪರೀಕ್ಷಿಸಿದ ಮೇಲೆಯೇ ಅತಿಥಿಗಳನ್ನು ನೀರಿಗೆ ಬಿಡಿರಿ. ಜೋರು ಮಳೆ ಬಂದ ದಿನ, ಬಿದ್ದ ಎಲೆಗಳನ್ನು ತೆಗೆದು ಇನ್ನೊಮ್ಮೆ ನೋಡುವುದು ಅಗತ್ಯ.

ಬ್ಲೀಚಿಂಗ್ ಪುಡಿಗೆ ಆಸಿಡ್ ಎಂದೂ ಸೋಕಬಾರದು, ವಿಷಾನಿಲ ಏಳುತ್ತದೆ. ಕ್ಲೋರಿನ್ ಬೆರೆತ ನೀರನ್ನು ಹಳ್ಳಕ್ಕೆ ಬಿಟ್ಟರೆ ಮೀನುಗಳಿಗೂ ಉಳಿವಿಲ್ಲ.