ಗೋಲಗುಮ್ಮಟದ ಸುಲ್ತಾನ ತೆಂಗಿನ ಸೀಮೆಯನ್ನು ಆಳಿದ್ದನೇ?

ಪ್ರಶ್ನೆ: ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆ ಬಿಜಾಪುರದ ಸುಲ್ತಾನರ ಕೈಕೆಳಗೆ ಇತ್ತೇ?

ಉತ್ತರ: ಸುಲ್ತಾನನ ಅಧಿಕಾರ ಇಲ್ಲಿಯವರೆಗೆ ಬಂದಿತ್ತು, ಆಡಳಿತ ಮಾತ್ರ ಸ್ಥಳೀಯರದೇ ಎಂಬುದು ನನ್ನ ವಾದ. ಈಗ ಗೋಲಗುಮ್ಮಟದಲ್ಲಿ ಮಲಗಿರುವ ಮುಹಮ್ಮದ್ ಆದಿಲ್ ಶಾ 1627ರಲ್ಲಿ ಪಟ್ಟಕ್ಕೆ ಬಂದ, 1656ರಲ್ಲಿ ತೀರಿಕೊಂಡ. 1636ರಲ್ಲಿ ಶಹಜಹಾನನೊಂದಿಗೆ ಒಪ್ಪಂದವಾಗಿ ಉತ್ತರದ ಗಡಿ ತಣ್ಣಗಾದ ಮೇಲೆ ಅವನ ದಂಡು ದಕ್ಷಿಣಕ್ಕೆ ತಿರುಗಿತು. ಅವನ ಸೇನಾಪತಿ ರಣದುಲ್ಲಾ ಖಾನನ ದಾಳಿಗೆ ಇಕ್ಕೇರಿ ಬಗ್ಗಿತು, ಬೆಂಗಳೂರು ಮತ್ತು ಶಿರಾ ವಶವಾದವು. ಬೆಂಗಳೂರು ಬಿಜಾಪುರದ ಸರದಾರ ಶಹಾಜಿ ಭೋಂಸ್ಲೆಯ ಜಹಗೀರಾಯಿತು. ಚಿಕ್ಕನಾಯಕನಹಳ್ಳಿಗೆ ನೆರೆಯ ಶಿರಾದಲ್ಲಿ ಮಲಿಕ್ ರಿಹಾನ್ ಅಧಿಕಾರಿಯಾಗಿ ಕುಳಿತ. ಅವನ ಗೋರಿ ಇಂದಿಗೂ ಅಲ್ಲೇ ಇದೆ.

ಹಾಗಾದರೆ ಸುಲ್ತಾನನೇ ಆಳಿದನೆಂದು ನೇರವಾಗಿ ಹೇಳಬಾರದೇಕೆ? ಬಿಜಾಪುರದವರ ಪದ್ಧತಿಯೇ ಬೇರೆ. ಬೆಂಗಳೂರಿನಲ್ಲಿ ಸೋತ ಕೆಂಪೇಗೌಡರ ಮನೆತನವನ್ನು ಅಳಿಸದೆ ಮಾಗಡಿಗೆ ಕಳಿಸಿದರು. ಈ ಸೀಮೆಯ ಹಾಗಲವಾಡಿ ಪಾಳೇಗಾರರೂ ಮುಂದೆ ಬಹುಕಾಲ ಉಳಿದರು. ಊರಿನ ಲೆಕ್ಕ, ಕೆರೆಯ ನೀರು, ತೋಟದ ಕಂದಾಯ ಬಲ್ಲವರು ಇವರೇ. ಹತ್ತಾರು ಹರದಾರಿ ಆಚೆಯಿಂದ ತೆಂಗಿನ ಮರ ಎಣಿಸಿ ವಸೂಲಿ ಮಾಡುವುದು ಯಾವ ಸುಲ್ತಾನನಿಗೂ ಆಗದ ಕೆಲಸ. (ಗುಮ್ಮಟಕ್ಕೆ ನಮ್ಮ ಕೊಬ್ಬರಿಯ ದುಡ್ಡು ಎಷ್ಟು ಸೇರಿತೆಂದು ಮಾತ್ರ ಕೇಳಬೇಡಿ!) ಬರೀ ಕಪ್ಪ ಕೊಟ್ಟರೆ ಅದು ಹೆಸರಿಗಷ್ಟೇ ಅಧೀನತೆ ಎಂದು ಕೆಲವರು ಆಕ್ಷೇಪಿಸಬಹುದು. ಒಪ್ಪಲಾರೆ. ಪಕ್ಕದಲ್ಲೇ ಪರರ ದಂಡು ಬೀಡುಬಿಟ್ಟಿರುವಾಗ ಪಾಳೇಗಾರನ ಸ್ವಾತಂತ್ರ್ಯ ಅರ್ಧಕ್ಕಿಳಿದ ಹಾಗೆಯೇ. 1686ರಲ್ಲಿ ಔರಂಗಜೇಬ ಬಿಜಾಪುರವನ್ನು ಗೆದ್ದ ಮೇಲೆ ಮೊಗಲರೂ ತಮ್ಮ ಸುಬಾದ ಕೇಂದ್ರವಾಗಿ ಅದೇ ಶಿರಾವನ್ನು ಆರಿಸಿಕೊಂಡರು.